ಒಂದೇ ಏಟಿಗೆ ಅರವತ್ತು ಊರು

ನಮ್ಮ ಮಾಸ್ತರ ಎಡಗೈಯಲ್ಲಿ ಕಿರುಬೆರಳು ಇರಲಿಲ್ಲ. ಬುಡದಲ್ಲಿ ಅವರೆಕಾಳಿನಷ್ಟು ದಪ್ಪದ ಒಂದು ಗಂಟು ಮಾತ್ರ ಉಳಿದಿತ್ತು. ಹರೆಯದಲ್ಲಿ ಸಿಂಧನೂರಿನ ಕಡೆ ಒಂದು ಅಕ್ಕಿ ಗಿರಣಿಯಲ್ಲಿ ಕೆಲಸಕ್ಕಿದ್ದಾಗ ಮಷಿನ್ನಿನ ಪಟ್ಟಾಕ್ಕೆ ಸಿಕ್ಕು ಹೋಯಿತಂತೆ. ಅಂಥ ಕೈ ಇಟ್ಟುಕೊಂಡು ಈ ಮನುಷ್ಯ ಕಲಿತದ್ದು ಟೈಪಿಂಗು. ಕಲಿತು ಸುಮ್ಮನಿರಲಿಲ್ಲ, ಲಿಂಗಸುಗೂರಿನ ಬಸ್‌ಸ್ಟ್ಯಾಂಡಿನ ಹಿಂದೆ ಎರಡು ಖೋಲಿ ಬಾಡಿಗೆ ಹಿಡಿದು, ಹತ್ತು ಟೈಪ್‌ರೈಟರ್ ಇಟ್ಟು, ಊರಿಗೆಲ್ಲ ಕಲಿಸಿದರು. ಟೈಪಿಂಗಿನಲ್ಲಿ 'ಎ' ಅಕ್ಷರ ಎಡಗೈ ಕಿರುಬೆರಳಿನ ಪಾಲು. ಮಾಸ್ತರು ಅದನ್ನು ಉಂಗುರ ಬೆರಳಿನಿಂದ ಒತ್ತುತ್ತಿದ್ದರು. "ಕಿರುಬೆರಳ್ಲೆ ಒತ್ರಿ, ಕಿರುಬೆರಳ್ಲೆ" ಎಂದು ಬಾಯಲ್ಲಿ ಎಷ್ಟು ಹೇಳಿದರೂ ನಾವು ನೋಡಿ ಕಲಿತದ್ದು ಅವರ ಕೈಯನ್ನು. ಪರೀಕ್ಷೆಗೆ ಹೋದರೆ ಪರೀಕ್ಷಕರು ನಮ್ಮ ಸಾಲಿನ ಪಕ್ಕ ನಿಂತು, "ನೀವೆಲ್ಲ ಲಿಂಗಸುಗೂರಿನವರೇನ್ರಿ?" ಎಂದು ಕೇಳುತ್ತಿದ್ದರು. ನಮಗೋ ಅದೇ ಒಂದು ಜಂಬ.

ನಾನು ಮಸ್ಕಿಯವಳು. ದಿನಾ ಬೆಳಿಗ್ಗೆ ಬಸ್ಸಿಗೆ ಬಂದು ಸಂಜೆ ಬಸ್ಸಿಗೆ ಹೋಗುತ್ತಿದ್ದೆ. ಪರೀಕ್ಷೆ ಪಾಸಾದ ಮೇಲೆ ಮಾಸ್ತರು ನನ್ನನ್ನು ಅಲ್ಲೇ ಕೆಲಸಕ್ಕೆ ಇಟ್ಟುಕೊಂಡರು. ಇಟ್ಟುಕೊಂಡು ಪಶ್ಚಾತ್ತಾಪ ಪಟ್ಟಿರಲಿಕ್ಕೂ ಸಾಕು. ಅವರದು ಎತ್ತಿನ ನಡಿಗೆ, ನನ್ನದು ಕರುವಿನ ಓಟ. ನಾನು ಒಂದು ಹಾಳೆ ಟೈಪು ಮಾಡಿ, ಅದರಲ್ಲಿ ಎಂಟು ತಪ್ಪು ತೆಗೆದು, ಮತ್ತೊಂದು ಹಾಳೆ ಏರಿಸುವಷ್ಟರಲ್ಲಿ ಅವರದು ಅರ್ಧ ಪುಟ ಆಗಿರುತ್ತಿತ್ತು. ಅದರಲ್ಲಿ ಒಂದೂ ತಪ್ಪಿರುತ್ತಿರಲಿಲ್ಲ. ನನಗೆ ಅದನ್ನು ನೋಡಿದರೇ ಸಿಟ್ಟು ಬರುತ್ತಿತ್ತು.

ತೊಂಬತ್ತರ ದಶಕದ ಮೊದಲ ವರ್ಷಗಳಲ್ಲಿ ಮಾಸ್ತರು ಹೈದರಾಬಾದಿನಿಂದ ಒಂದು ಸೆಕೆಂಡ್‌ಹ್ಯಾಂಡ್ ಕಂಪ್ಯೂಟರ್ ತರಿಸಿದರು. ಅದು ಬಿಡಿಬಿಡಿಯಾಗಿ ಡಬ್ಬಿಗಳಲ್ಲಿ ಬಂತು. ಸಿಂಧನೂರಿನಿಂದ ಒಬ್ಬ ಮೆಕ್ಯಾನಿಕ್ ಬಂದ. ಅವನೂ ಮಾಸ್ತರೂ ಎರಡು ದಿನ ನೆಲದ ಮೇಲೆ ಕೂತು ಅದನ್ನು ಜೋಡಿಸಿದರು. ಕೈ ತೊಳೆಯದೆ ಅದನ್ನು ಮುಟ್ಟುವಂತಿರಲಿಲ್ಲ. ಊದುಬತ್ತಿ ಹೊಸ್ತಿಲ ಹೊರಗೆ, ಹೊಗೆ ಒಳಗೆ ಬರಬಾರದು. ಅವರ ದೊಡ್ಡ ನೇಮ ಇನ್ನೊಂದಿತ್ತು. ಪರದೆಯ ಮೇಲೆ ಒಂದು ಆಜ್ಞೆ ಟೈಪು ಮಾಡಿದ ಮೇಲೆ ಕೈಯನ್ನು ಪೂರ್ತಿ ತೆಗೆದು ತೊಡೆಯ ಮೇಲಿಡಬೇಕು. ಟೈಪು ಮಾಡಿದ್ದನ್ನು ಗಟ್ಟಿಯಾಗಿ ಓದಬೇಕು. ಆಮೇಲೆ ಎಂಟರ್. "ಓದು, ಆಮ್ಯಾಲ ಒತ್ತು" ಎಂದು ದಿನಕ್ಕೆ ಹತ್ತು ಸಲ ಹೇಳುತ್ತಿದ್ದರು.

ಆ ಕಂಪ್ಯೂಟರಿನಲ್ಲಿ ಕನ್ನಡ ಬರುತ್ತಿತ್ತು. ಆಸುಪಾಸಿನಲ್ಲಿ ಆಗ ಹಾಗೆ ಬರುವುದು ಬೇರೆ ಇರಲಿಲ್ಲ. ಹಾಗಾಗಿ ಒಂದು ಸರಕಾರಿ ಕಚೇರಿಯವರು ಅರವತ್ತು ಊರಿನ ಮತದಾರರ ಪಟ್ಟಿಯನ್ನು ಟೈಪು ಮಾಡಲು ನಮಗೆ ಕೊಟ್ಟರು. ಲಿಂಗಸುಗೂರಿನ ಸುತ್ತಿನವು, ಮಸ್ಕಿ ಕಡೆಯವು, ಸಿಂಧನೂರಿನ ಆಚೆ ಮುಕ್ಕುಂದ, ಕಾಲುವೆ ಬಗಲಿನಲ್ಲಿ ವಲಸೆ ರೈತರು ನೆಲೆನಿಂತ ಕ್ಯಾಂಪುಗಳು. ಒಂದು ಊರಿಗೆ ಒಂದು ಫೈಲು. ಕೈಬರಹದ ಹಳೇ ಪಟ್ಟಿ ನೋಡಿ ಟೈಪು ಮಾಡಿಬಿಟ್ಟರೆ ಕೆಲಸ ಮುಗಿಯಿತು ಅಂತ ನಾನು ಅಂದುಕೊಂಡಿದ್ದೆ. ಮಾಸ್ತರು ಅಲ್ಲಿಗೇ ಬಿಡುವವರಾಗಿದ್ದರೆ ಈ ಕತೆಯೇ ಇರುತ್ತಿರಲಿಲ್ಲ.

ಅವರು ಪ್ರತಿ ಊರಿಗೂ ಹೇಳಿಕಳಿಸಿದರು. ಬೆಳಗಿನ ಬಸ್ಸಿಗೆ ಆ ಊರಿನ ತಳವಾರನೋ ಒಬ್ಬ ಹಿರಿಯನೋ ಬರಬೇಕು. ಬಂದವನಿಗೆ ಚಾ ಕುಡಿಸಿ, ಬೆಂಚಿನ ಮೇಲೆ ಕೂಡಿಸಿ, ಮಾಸ್ತರು ಅವನೂರಿನ ಪಟ್ಟಿಯನ್ನು ಹೆಸರು ಹೆಸರಾಗಿ ಓದುತ್ತಿದ್ದರು. "ಅಂವ ಸತ್ತು ಮೂರು ವರ್ಷ ಆತ್ರಿ", "ಆಕಿ ಹೆಸರು ಅದಲ್ಲ ತಗೀರಿ" ಎಂದು ಅವನು ಹೇಳಿದ್ದನ್ನು ನಾನು ತಿದ್ದುತ್ತಿದ್ದೆ. ಕಚೇರಿಯವರು ಇದನ್ನು ಕೇಳಿರಲಿಲ್ಲ. ಇದು ಮಾಸ್ತರ ಸ್ವಂತದ ಹುಚ್ಚು.

ಕಾರಣವನ್ನು ಅವರು ಒಂದೇ ಸಲ ಹೇಳಿದ್ದು. ಹಳೇ ಪಟ್ಟಿಗಳಲ್ಲಿ ಎಷ್ಟೋ ಹೆಂಗಸರಿಗೆ ಹೆಸರೇ ಇರುತ್ತಿರಲಿಲ್ಲ. ಇಂಥವನ ಹೆಂಡತಿ ಅಂತಷ್ಟೇ. ಅವರ ತಾಯಿ ಒಂದು ಸಲ ಓಟು ಹಾಕಲು ಹೋದಾಗ ಪಟ್ಟಿಯಲ್ಲಿ 'ಬಸಪ್ಪನ ಹೆಂಡತಿ' ಎಂದಿತ್ತಂತೆ. ಊರಲ್ಲಿ ಬಸಪ್ಪಂದಿರು ಇಬ್ಬರು. ಇನ್ನೊಬ್ಬ ಬಸಪ್ಪನ ಹೆಂಡತಿ ಮುಂಚೆಯೇ ಬಂದು ಹಾಕಿ ಹೋಗಿದ್ದಳು. ನಿನ್ನದು ಆಗಿದೆ ಹೋಗಮ್ಮ ಅಂದರು. "ನಮ್ಮವ್ವ ಹೊಸಾ ಸೀರಿ ಉಟ್ಟಗೊಂಡು ಹೋಗಿದ್ಲು. ಬಂದು ಅದನ್ನ ಮಡಚಿಟ್ಟು ಅಡಗಿಗೆ ಕೂತ್ಲು" ಎಂದರು. ಹೇಳಿ ಮತ್ತೆ ಟೈಪು ಮಾಡತೊಡಗಿದರು.

ಓದಿ ಆಗಿದ್ದು ಯಾವುದು, ಓದದೇ ಇರುವುದು ಯಾವುದು ಅಂತ ಗೊತ್ತಾಗಲು ಅವರು ಫೈಲಿನ ಬಾಲವನ್ನು ಬಳಸಿದರು. ಫೈಲಿನ ಹೆಸರಿನ ಕೊನೆಯಲ್ಲಿ ಚುಕ್ಕಿ ಇಟ್ಟು ಮೂರು ಇಂಗ್ಲಿಷ್ ಅಕ್ಷರ ಬರುತ್ತವಲ್ಲ, ಅದಕ್ಕೆ ಮಾಸ್ತರು ಬಾಲ ಅನ್ನುತ್ತಿದ್ದರು. ಟೈಪು ಮಾಡಿದಾಗ ಬಾಲ KAC, ಅಂದರೆ ಕಚ್ಚಾ. ಊರಿನವನ ಎದುರು ಓದಿ ತಿದ್ದಿದ ಮೇಲೆ PAK, ಪಕ್ಕಾ. ಬೇರೆ ಗುರುತು, ವಹಿ, ಚೀಟಿ ಏನೂ ಇರಲಿಲ್ಲ. ಓದಿ ಮುಗಿದ ತಕ್ಷಣ ಆ ಒಂದು ಫೈಲಿನ ಬಾಲ ಬದಲಿಸುವುದು ನನ್ನ ಕೆಲಸ. ಊರಿನ ಹೆಸರು ಪೂರ್ತಿ ಟೈಪು ಮಾಡಿ, ಒಂದೊಂದಾಗಿ.

ನಾನು ಎಂಥವಳೆಂದು ಹೇಳಿದೆನಲ್ಲ. ದಿನಾ ಮಾಡುವುದು ಬೇಸರವಾಗಿ ಬಿಟ್ಟೆ. ಮೂವತ್ತಕ್ಕೂ ಹೆಚ್ಚು ಫೈಲು ಓದಿ ಆಗಿದ್ದರೂ ಕಚ್ಚಾ ಬಾಲದಲ್ಲೇ ಉಳಿದವು. ಅವುಗಳ ಜೊತೆ ಇನ್ನೂ ಓದದ ಕೆಲವೂ ಇದ್ದವು. ಅವು ಯಾವುವೆಂದು ನನ್ನ ಬೆರಳ ತುದಿಯಲ್ಲಿದೆ ಎಂಬ ಧೈರ್ಯ. ಒಂದು ಬುಧವಾರ ಮಾಸ್ತರು ಪ್ರಿಂಟರಿನ ರಿಬ್ಬನ್ ತರಲು ಸಿಂಧನೂರಿಗೆ ಹೊರಟರು. "ಸಂಜಿಗೆ ಕಚೇರಿ ಗುಮಾಸ್ತರು ಬರ್ತಾರ, ಪಕ್ಕಾ ಆದಷ್ಟು ಒಯ್ತಾರ. ಬಾಲ ಎಲ್ಲಾ ಸರಿ ಅದಾವಿಲ್ಲೋ ನೋಡಿಡು" ಎಂದರು. ಹ್ಞೂಂ ಅಂದೆ.

ಮೆಕ್ಯಾನಿಕ್ ಹಿಂದಿನ ಸಲ ಬಂದಾಗ ನನಗೊಂದು ವಿದ್ಯೆ ಹೇಳಿಕೊಟ್ಟಿದ್ದ. ಊರಿನ ಹೆಸರಿನ ಜಾಗದಲ್ಲಿ ಒಂದು ನಕ್ಷತ್ರ ಹಾಕಿದರೆ ಸಾಕು, ಎಲ್ಲವೂ ಒಂದೇ ಏಟಿಗೆ ಬದಲಾಗುತ್ತವೆ. ಮಾಸ್ತರಿಗೂ ಅದು ಗೊತ್ತಿತ್ತು, ಆದರೆ ಮುಟ್ಟುತ್ತಿರಲಿಲ್ಲ. ನನ್ನ ಲೆಕ್ಕಾಚಾರ ಸರಳವಾಗಿತ್ತು. ಎಲ್ಲವನ್ನೂ ಪಕ್ಕಾ ಮಾಡುವುದು, ಆಮೇಲೆ ಓದದ ಏಳೆಂಟನ್ನು ಮಾತ್ರ ತಿರುಗಿ ಕಚ್ಚಾ ಮಾಡುವುದು. REN *.KAC *.PAK ಎಂದು ಟೈಪು ಮಾಡಿದೆ. ಕೈ ತೊಡೆಯ ಮೇಲಿಡಲಿಲ್ಲ, ಓದಲಿಲ್ಲ. ಎಂಟರ್ ಒತ್ತಿದೆ.

ಪಟ್ಟಿ ತೆಗೆದು ನೋಡಿದೆ. ಅರವತ್ತಕ್ಕೆ ಅರವತ್ತೂ ಪಕ್ಕಾ. ಓದದ ಊರುಗಳನ್ನು ಕಾಗದದಲ್ಲಿ ಬರೆಯಲು ಕೂತೆ. ನಾಲ್ಕು ಹೆಸರು ಸರಸರ ಬಂದವು. ಐದನೆಯದನ್ನು ಬರೆದು ಹೊಡೆದುಹಾಕಿದೆ. ಆ ಊರಿನ ತಳವಾರ ಬಂದಿದ್ದನೋ, ಪಕ್ಕದ ಊರಿನವನೋ? ಆರನೆಯದು ಬರೆಯುವಾಗ ಮೊದಲ ನಾಲ್ಕರ ಮೇಲೂ ಅನುಮಾನ ಹತ್ತಿತು. ಒಂದೇ ರೀತಿಯ ರುಮಾಲು, ಒಂದೇ ರೀತಿಯ ಕೆಮ್ಮು, ಒಂದೇ ಬೆಂಚು. ಅರವತ್ತು ಮುಖಗಳು ಕಲಸಿಹೋದವು. ಫೈಲು ತೆರೆದು ನೋಡಿದರೂ ಗುರುತು ಹತ್ತುವಂತಿರಲಿಲ್ಲ, ಓದಿ ತಿದ್ದಿದವುಗಳಲ್ಲೂ ಹೆಸರು ಗೊತ್ತಾಗದೆ ಉಳಿದ 'ಹೆಂಡತಿ'ಯರಿದ್ದರು. ಆ ಮಷಿನ್ನಿನಲ್ಲಿ ಮಾಡಿದ್ದನ್ನು ಹಿಂದಕ್ಕೆ ಪಡೆಯುವ ದಾರಿ ಇರಲಿಲ್ಲ.

ಮಾಸ್ತರು ಎರಡು ಗಂಟೆಗೆ ಬಂದಾಗ ನಾನು ಅಳುತ್ತ ಕೂತಿದ್ದೆ.

"ಏನಾತು ತಂಗಿ?"

"ಎಲ್ಲಾ ಫೈಲು ಒಂದ ಸಲಕ್ಕ ಪಕ್ಕಾ ಮಾಡಿಬಿಟ್ಟೀನ್ರಿ ಸರ್. ಓದಲಾರದವೂ ಅದರಾಗ ಕೂಡ್ಯಾವ್ರಿ."

"ಎಷ್ಟು ಓದೂದಿತ್ತು?"

"ಆರೋ ಏಳೋ ಎಂಟೋ ರೀ."

"ಯಾವ ಯಾವ ಊರು?"

"ಗೊತ್ತಾಗವಲ್ದು ರೀ."

ಅವರು ಬಯ್ಯಲಿಲ್ಲ. ಮುಖ ಮಾತ್ರ ಒಣಗಿತು. ರಿಬ್ಬನ್ನಿನ ಪೊಟ್ಟಣವನ್ನು ಕಿಟಕಿಯಲ್ಲಿಟ್ಟು, ಹೋಗಿ ಕೈ ತೊಳೆದುಕೊಂಡು ಬಂದರು. "ಅಳೂದು ಆಮ್ಯಾಲ ಇರಲಿ. ಕುರ್ಚಿ ಬಿಡು" ಅಂದರು.

ಫೈಲುಗಳ ಪಟ್ಟಿ ತೆಗೆದರೆ ಪ್ರತಿ ಹೆಸರಿನ ಎದುರು ಅದನ್ನು ಕಡೆಯ ಸಲ ಉಳಿಸಿದ ತಾರೀಖು, ವೇಳೆ ಬರುತ್ತದೆ. ಹೆಸರು ಬದಲಾದರೂ ಅವು ಬದಲಾಗುವುದಿಲ್ಲ. ನಾನು ಅದನ್ನು ದಿನಾ ನೋಡುತ್ತಿದ್ದೆ, ನೋಡುತ್ತಿದ್ದೆ ಅಷ್ಟೇ. ಮಾಸ್ತರು ಅದರ ಮೇಲೆ ಬೆರಳಿಟ್ಟರು. "ಹಳ್ಳಿಯಿಂದ ಬಂದವರು ಮಧ್ಯಾಹ್ನದ ಬಸ್ಸಿಗೆ ತಿರುಗಿ ಹೋಗ್ತಾರ. ಅಂದ್ರ ಓದಿ ತಿದ್ದೂದು ಮುಂಜಾನಿ. ಹೊಸಾದು ಟೈಪ್ ಹೊಡಿಯೂದು ಊಟ ಆದಮ್ಯಾಲ. ಹೌದಿಲ್ಲೋ?"

ನನಗೆ ಜೀವ ಬಂದಂತಾಯಿತು. ಬೆಳಗಿನ ವೇಳೆ ಇದ್ದರೆ ಓದಿದ್ದು, ಮಧ್ಯಾಹ್ನದ್ದಿದ್ದರೆ ಓದದ್ದು. ಅವರು ಒಂದೊಂದೇ ಊರು ಓದುತ್ತ ಹೋದರು, ನಾನು ಬರೆದುಕೊಂಡೆ. ಮುಕ್ಕುಂದಕ್ಕೆ ಬರುವ ಹೊತ್ತಿಗೆ ಅವರ ಬೆರಳು ನಿಂತಿತು. ಅದರ ಎದುರು ಇದ್ದ ತಾರೀಖು ಸಾವಿರದ ಒಂಬೈನೂರ ಎಂಬತ್ತನೇ ಇಸವಿ, ಜನವರಿ ಒಂದು. ಮುಂದೆ ಇನ್ನೊಂದು ಊರಿಗೂ ಅದೇ. ಆಮೇಲೆ ಮತ್ತೊಂದು. ಐವತ್ತೊಂದು ಊರಿಗೆ ಬೆಳಗಿನ ವೇಳೆ ಸರಿಯಾಗಿತ್ತು. ಒಂಬತ್ತಕ್ಕೆ ಈ ಹಾಳು ಎಂಬತ್ತನೇ ಇಸವಿ.

ಯಾಕೆಂದು ನನಗೆ ಆ ಕ್ಷಣವೇ ಗೊತ್ತಾಯಿತು. ಆ ಮಷಿನ್ ಪ್ರತಿ ಸಲ ಚಾಲೂ ಮಾಡಿದಾಗ ಇವತ್ತಿನ ತಾರೀಖೇನು, ವೇಳೆ ಏನು ಎಂದು ಕೇಳುತ್ತಿತ್ತು. ಕರೆಂಟು ಹೋಗಿ ಬಂದಾಗಲೂ ಕೇಳುತ್ತಿತ್ತು. ಮಾಸ್ತರು ಕ್ಯಾಲೆಂಡರ್ ನೋಡಿ, ಕೈಗಡಿಯಾರ ನೋಡಿ ಬರೆಯುತ್ತಿದ್ದರು. ಅವರಿಲ್ಲದ ದಿನ ನಾನು ಎರಡು ಸಲ ಎಂಟರ್ ಒತ್ತಿ ಮುಂದೆ ಹೋಗುತ್ತಿದ್ದೆ. ಏನೂ ಹೇಳದಿದ್ದರೆ ಆ ಮಷಿನ್ ತಾನು ಎಂಬತ್ತನೇ ಇಸವಿಯ ಮೊದಲ ದಿನದ ನಡುರಾತ್ರಿಯಲ್ಲಿದ್ದೇನೆ ಅಂದುಕೊಳ್ಳುತ್ತಿತ್ತು. ಹಿಂದಿನ ವಾರ ಮಾಸ್ತರು ಹೊರಗೆ ಓಡಾಡುತ್ತಿದ್ದಾಗ ಚಾಲೂ ಮಾಡಿದವಳು ನಾನೇ, ಬಂದವರ ಎದುರು ಓದಿ ತಿದ್ದಿದವಳೂ ಹೊಸದು ಟೈಪು ಮಾಡಿದವಳೂ ನಾನೇ.

"ಇವ್ಯಾಕ ಹಿಂಗದಾವ?" ಎಂದರು.

ಒಂದು ತಪ್ಪಿಗೆ ಅತ್ತಾಗಿತ್ತು. ಎರಡನೆಯದನ್ನು ಒಪ್ಪಿಕೊಳ್ಳಲು ನಾಲಿಗೆ ಬರಲಿಲ್ಲ. ಗೋಡೆ ಗಡಿಯಾರಕ್ಕೆ ಇರುವ ಹಾಗೆ ಇದಕ್ಕೂ ಒಳಗೆಲ್ಲೋ ಒಂದು ಇರಬಹುದು ಎಂದುಕೊಂಡು, "ಬ್ಯಾಟರಿ ಹೋಗಿರಬೇಕ್ರಿ ಸರ್" ಅಂದೆ.

ಮಾಸ್ತರು ನನ್ನ ಕಡೆ ತಿರುಗಿದರು. ಸ್ವಲ್ಪ ಹೊತ್ತು ನೋಡಿದರು. "ಹ್ಞೂಂ, ಇರಬಹುದು" ಎಂದು ಪರದೆಯ ಕಡೆ ತಿರುಗಿ, ಒಂಬತ್ತೂ ಊರಿನ ಹೆಸರನ್ನು ಕಾಗದದಲ್ಲಿ ಬರೆದುಕೊಂಡರು.

ಗುಮಾಸ್ತರು ಐದಕ್ಕೆ ಜೀಪಿನಲ್ಲಿ ಬಂದರು. ಕುರ್ಚಿ ಎಳೆದುಕೊಂಡು ಪರದೆ ನೋಡಿದರು. ಅವರಿಗೂ ಕಚ್ಚಾ ಪಕ್ಕಾದ ಗುಟ್ಟು ಗೊತ್ತಿತ್ತು. "ಅರವತ್ತೂ ಪಕ್ಕಾ ಆಗ್ಯಾವಲ್ರೀ ಮಾಸ್ತರ. ಭೇಷ್ ಆತು. ಫ್ಲಾಪಿಗೆ ಹಾಕಿಕೊಡ್ರಿ, ಇವತ್ತ ಕಳಸಿಬಿಡ್ತೀನಿ."

ಮಾಸ್ತರು ನಿಂತೇ ಇದ್ದರು. "ಐವತ್ತೊಂದು ಒಯ್ರಿ. ಒಂಬತ್ತು ಊರು ಗ್ಯಾರಂಟಿ ಇಲ್ರಿ."

"ಪಕ್ಕಾ ಅಂತ ತೋರಸಾಕತ್ತೈತಲ್ಲ."

"ಬಾಲ ಪಕ್ಕಾ ಐತ್ರಿ. ಒಳಗಿಂದು ಕಚ್ಚಾ ಇರಬಹುದು. ಹೆಸರು ಬದಲ್ ಮಾಡಿದ್ರ ಒಳಗಿಂದು ಬದಲಾಗೂದಿಲ್ರಿ."

"ಅದನ್ನ ಯಾರು ನೋಡ್ತಾರ್ರಿ?"

"ಓಟು ಹಾಕಾಕ ಹೋದಾಕಿ ನೋಡ್ತಾಳ್ರಿ."

ಗುಮಾಸ್ತರ ಮುಖ ಕೆಂಪಾಯಿತು. ಇಡೀ ಕಂತು ಒಟ್ಟಿಗೆ ಕೊಡುತ್ತೇನೆಂದು ಸಾಹೇಬರಿಗೆ ಮಾತು ಕೊಟ್ಟಿದ್ದರಂತೆ. ನನ್ನ ಕಡೆ ಕೈ ಮಾಡಿ, "ಯಾರ ತಪ್ಪಿದು? ಈ ಹುಡುಗೀದೇನು?" ಎಂದರು. ಮಾಸ್ತರು ಹುಡುಗಿಯದು ಅಂದಿದ್ದರೆ ನಾಳೆಯಿಂದ ನಾನು ಮಸ್ಕಿಯಲ್ಲಿ ರೊಟ್ಟಿ ಬಡಿಯುತ್ತಿದ್ದೆ. ಕೆಲಸಕ್ಕೆ ಹೋಗುವ ಮಗಳು ಹೆಸರು ಕೆಡಿಸಿಕೊಂಡು ಬಂದಳೆಂದರೆ ನಮ್ಮಪ್ಪ ಮರುದಿನ ಬಸ್ಸಿಗೆ ಕಳಿಸುತ್ತಿರಲಿಲ್ಲ.

"ಆಕೀದಲ್ರಿ" ಎಂದರು ಮಾಸ್ತರು. "ಮಷಿನ್ನಿನ ಬ್ಯಾಟರಿ ಹೋಗಿತ್ತು. ನಾ ನೋಡಿಕೋಬೇಕಿತ್ತು, ನೋಡಿಕೊಳ್ಳಲಿಲ್ಲ. ತಪ್ಪು ನಂದು."

"ಇಂಥಾ ಮಷಿನ್ ಇಟಗೊಂಡು ಸರಕಾರದ ಕೆಲಸ ಯಾಕ ಹಿಡೀತೀರಿ?" ಎಂದು ಗುಮಾಸ್ತರು ಎದ್ದರು. ಶುಕ್ರವಾರ ಮಧ್ಯಾಹ್ನ ಹನ್ನೆರಡಕ್ಕೆ ಅರವತ್ತೂ ಸಿಗದಿದ್ದರೆ ಕೆಲಸವನ್ನೇ ಹಿಂದಕ್ಕೆ ಪಡೆಯುವುದಾಗಿ ಹೇಳಿ ಹೋದರು. ಮಾಸ್ತರು ಅವರ ಜೀಪು ಮರೆಯಾಗುವ ತನಕ ಬಾಗಿಲಲ್ಲಿ ನಿಂತಿದ್ದು, ಒಳಗೆ ಬಂದು ಪ್ರಿಂಟರಿಗೆ ಹೊಸ ರಿಬ್ಬನ್ ಹಾಕಿದರು.

ಒಂಬತ್ತು ಪಟ್ಟಿ ಮುದ್ರಿಸಬೇಕಿತ್ತು. ನನ್ನ ಕಡೇ ಬಸ್ಸು ಆರೂವರೆಗೆ. ಏಳನೆಯ ಪಟ್ಟಿ ಅರ್ಧ ಬಂದಾಗ ಕರೆಂಟು ಹೋಯಿತು. ಇಬ್ಬರೂ ಅದು ಬರುವುದನ್ನು ಕಾಯುತ್ತ ಕೂತೆವು. ಹೇಳಿಬಿಡು, ಹೇಳಿಬಿಡು ಎಂದು ನನ್ನ ಒಳಗೆ ಒಂದೇ ಸಮನೆ ನಡೆದಿತ್ತು. ಬಾಯಿ ತೆರೆದೂ ಇದ್ದೆ. ಅಷ್ಟರಲ್ಲಿ ಕರೆಂಟು ಬಂತು. ಮಷಿನ್ ತಾರೀಖು ಕೇಳಿತು. ಮಾಸ್ತರು ಕೈಗಡಿಯಾರ ನೋಡಿ ಬರೆದರು. ನಾನು ನೆಲ ನೋಡಿದೆ.

"ಮಸ್ಕಿ ಕಡೆ ಮೂರು ಊರು ನೀ ನೋಡಿಕೋ. ಉಳಿದ ಆರು ನಾ ಹೋಗ್ತೀನಿ. ನೀ ಶಾಣ್ಯಾಕಿ ಅದಿ, ಒಂದೊಂದ ಹೆಸರು ನಿಂತು ಓದು" ಎಂದು ಹಾಳೆಗಳನ್ನು ಕೈಗಿತ್ತರು. ಜಾಣೆ ಎಂದು ಹೊಗಳಿದ ಆ ಮಾತು ಬೈಗುಳಕ್ಕಿಂತ ಹೆಚ್ಚು ಚುಚ್ಚಿತು.

ಗುರುವಾರ ಮೊದಲ ಎರಡು ಊರು ಬೇಗ ಮುಗಿದವು. ಎರಡೂ ಮುಂಚೆಯೇ ಓದಿ ತಿದ್ದಿದವೇ ಆಗಿದ್ದವು. ಮೂರನೆಯ ಊರಿನಲ್ಲಿ ತಳವಾರ ಇರಲಿಲ್ಲ, ಮಗಳ ಮನೆಗೆ ಹೋಗಿದ್ದ. ನಾನು ಒಂದು ಕಿರಾಣಿ ಅಂಗಡಿಯ ಕಟ್ಟೆಯ ಮೇಲೆ ಕೂತು ಗಟ್ಟಿಯಾಗಿ ಓದಲು ಶುರು ಮಾಡಿದೆ. ಎರಡನೆಯ ಪುಟಕ್ಕೆ ಬರುವಷ್ಟರಲ್ಲಿ ಗೊತ್ತಾಯಿತು, ಇದು ಹಸಿ ಕಚ್ಚಾ. ಸತ್ತವರಿದ್ದರು, ಬದುಕಿದ್ದವರು ಇರಲಿಲ್ಲ. 'ಹನುಮಂತಪ್ಪನ ಹೆಂಡತಿ, ವಯಸ್ಸು ಐವತ್ತು' ಎಂದು ಓದಿದೆ.

ಹುಲ್ಲಿನ ಹೊರೆ ಇಳಿಸಿ ನಿಂತಿದ್ದ ಒಬ್ಬ ಮುದುಕಿ ಕೇಳಿದಳು. "ಯಾವ ಹನುಮಂತಪ್ಪವ್ವಾ? ಮೂರು ಮಂದಿ ಅದಾರ."

"ಮನಿ ನಂಬರ್ ಹನ್ನೆರಡು."

"ಹಂಗಾರ ಅದು ನಾನ. ನನ್ನ ಹೆಸರು ಹಾಕಿಲ್ಲೇನು ಅದರಾಗ?"

"ಇಲ್ಲಬೇ ಯವ್ವಾ. ಹೇಳು, ಈಗ ಹಾಕ್ತೀನಿ."

ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳು. "ಯಾರೂ ಕರಿಯೂದ ಇಲ್ಲವ್ವ. ದುರ್ಗಮ್ಮ ಅಂತ ಬರಕೋ." ಅವಳ ಹಿಂದೆ ಇನ್ನೊಬ್ಬಳು ಬಂದಳು, ಮತ್ತೊಬ್ಬಳು ಬಂದಳು. ನೀರಿನ ಕೊಡ ಕೆಳಗಿಟ್ಟು ಬಂದವರಿದ್ದರು, ಮಗುವನ್ನು ಸೊಂಟದಲ್ಲಿಟ್ಟುಕೊಂಡು ಬಂದವರಿದ್ದರು. ಆ ಊರೊಂದರಲ್ಲೇ ಹಾಳೆಯ ಅಂಚು ಸಾಲದೆ ಹಿಂದಿನ ಬದಿಯಲ್ಲೂ ಹೆಸರು ಬರೆದುಕೊಂಡೆ. ನಾನು ಒಂದೇ ಏಟಿಗೆ ಪಕ್ಕಾ ಮಾಡಿ ಕೂತಿದ್ದು ಇವರನ್ನು. ನಾಚಿಕೆಯಿಂದ ತಲೆ ಎತ್ತದೆ ಬರೆಯುತ್ತ ಹೋದೆ.

ಮಾಸ್ತರು ಮುಕ್ಕುಂದ, ಕ್ಯಾಂಪುಗಳನ್ನು ಸುತ್ತಿ ಶುಕ್ರವಾರ ಬೆಳಿಗ್ಗೆ ಹತ್ತಕ್ಕೆ ಬಂದರು. ಪೈಜಾಮಾಕ್ಕೆ ಮೊಣಕಾಲ ತನಕ ಗದ್ದೆಯ ಕೆಸರು. ಅವರು ಹೋದ ಆರರಲ್ಲಿ ಐದು ಓದದವು, ನನ್ನದು ಒಂದು. ಒಟ್ಟು ಆರು ಊರಿನ ಹೆಂಗಸರು ಹೆಸರಿಲ್ಲದೆ ಹೋಗುವವರಿದ್ದರು. ಮಾಸ್ತರು ಓದುತ್ತ ಹೋದರು, ನಾನು ತಿದ್ದುತ್ತ ಹೋದೆ. ಹನ್ನೆರಡಕ್ಕೆ ಹತ್ತು ನಿಮಿಷ ಇರುವಾಗ ಮುಗಿಯಿತು. ಅಭ್ಯಾಸಬಲದಿಂದ ಬಾಲ ಬದಲಿಸಲು ನಾನು ಕೈ ಇಟ್ಟೆ. "ಅದೇನು ಉಳಿದಿಲ್ಲ ತಗೀ, ಮೊದಲ ಪಕ್ಕಾ ಅಂತ ಹೆಸರಿಟ್ಟೀದಿ" ಎಂದು ಮಾಸ್ತರು ನಕ್ಕರು. ಎರಡು ದಿನದಲ್ಲಿ ಅವರು ನಕ್ಕದ್ದು ಅದೊಂದೇ ಸಲ.

ಗುಮಾಸ್ತರು ಅರವತ್ತನ್ನೂ ಒಯ್ದರು. ಆದರೆ ಮುಂದಿನ ಕಂತಿನ ಊರುಗಳು ನಮಗೆ ಬರಲಿಲ್ಲ. ಲಿಂಗಸುಗೂರಿನ ಮಾಸ್ತರ ಮಷಿನ್ನಿಗೆ ಬ್ಯಾಟರಿ ಸರಿಯಿಲ್ಲ ಎಂದು ಕಚೇರಿಯಲ್ಲಿ ಮಾತಾಗಿ, ಕೆಲಸ ಬೇರೆಯವರಿಗೆ ಹೋಯಿತು. ಮಾಸ್ತರು ತಿರುಗಿ ಟೈಪಿಂಗ್ ಕಲಿಸುವುದರಲ್ಲೇ ಉಳಿದರು. ಆ ವಿಷಯವನ್ನು ಮತ್ತೆಂದೂ ಎತ್ತಲಿಲ್ಲ. ಒಂದೇ ಒಂದು ಬದಲಾವಣೆ. ಅವತ್ತಿನಿಂದ ಅವರು ಹೊರಗೆ ಹೋಗುವ ದಿನ ಮಷಿನ್ ಚಾಲೂ ಮಾಡಿಯೇ ಹೋಗುತ್ತಿದ್ದರು. ನನ್ನ ಕೆಲಸ ಹಗುರ ಮಾಡುತ್ತಿದ್ದಾರೆ ಎಂದು ನಾನು ತಿಳಿದಿದ್ದೆ, ಮೂಢೆ.

ನಾಲ್ಕು ವರ್ಷದ ನಂತರ ಒಂದು ಬೆಳಿಗ್ಗೆ ಎದೆನೋವೆಂದು ಕೂತರು. ಸಿಂಧನೂರಿನ ಆಸ್ಪತ್ರೆಗೆ ಜೀಪಿನಲ್ಲಿ ಒಯ್ಯುತ್ತಿದ್ದಾಗ ನಮ್ಮ ಮಸ್ಕಿ ದಾಟುವ ಮೊದಲೇ ಹೋಗಿಬಿಟ್ಟರು. ತಿಂಗಳಾದ ಮೇಲೆ ಅವರ ಹೆಂಡತಿ ಖೋಲಿ ಖಾಲಿ ಮಾಡಬೇಕೆಂದರು. ಟೈಪ್‌ರೈಟರುಗಳು ಮಾರಾಟವಾದವು. ಕಂಪ್ಯೂಟರಿನಲ್ಲಿ ಏನಾದರೂ ಬಿಡಿಭಾಗ ಉಪಯೋಗಕ್ಕೆ ಬರುತ್ತದೋ ನೋಡಲು ಅದೇ ಮೆಕ್ಯಾನಿಕ್ ಬಂದು, ಮೇಲಿನ ತಗಡು ಬಿಚ್ಚಿದ. ನಾನು ಪಕ್ಕದಲ್ಲಿ ನಿಂತಿದ್ದೆ. ನಾನು ಸುಳ್ಳು ಹೊರಿಸಿದ ಆ ವಸ್ತುವನ್ನು ಒಂದು ಸಲ ಕಣ್ಣಿಂದ ನೋಡಬೇಕೆನಿಸಿತು.

"ಇದರಾಗ ಬ್ಯಾಟರಿ ಎಲ್ಲೈತಿ?" ಎಂದು ಕೇಳಿದೆ.

"ಇದಕ್ಕ ಬ್ಯಾಟರಿನ ಇಲ್ಲಲ್ರೀ ಅಕ್ಕಾರ. ಹಳೇ ಮಾಡೆಲ್ಲು. ಬ್ಯಾಟರಿ ಇಲ್ಲಂತನ ಅಲ್ಲೇನು, ಚಾಲೂ ಮಾಡಿದಾಗೆಲ್ಲ ತಾರೀಖು ಕೇಳೂದು?"

"ಮಾಸ್ತರಿಗ ಗೊತ್ತಿತ್ತೇನು?"

ಅವನು ತಿರುಪು ಬಿಚ್ಚುವುದನ್ನು ನಿಲ್ಲಿಸಲಿಲ್ಲ. "ಇಬ್ಬರೂ ಕೂಡೇ ಜೋಡಿಸಿದ್ದಲ್ರೀ. ಮೊದಲನೇ ದಿನ ಅವರು ಕೇಳಿದ್ದು ಅದನ್ನ. ಬ್ಯಾಟರಿ ಹಾಕಾಕ ಬರತೈತೇನು ಅಂದ್ರು. ಇಲ್ರಿ ಅಂದೆ."

ಹೊರಗೆ ಹೋಗಿ ಬೆಂಚಿನ ಮೇಲೆ ಕೂತೆ. ಮೂರು ಅಕ್ಷರದ ಬಾಲವೂ ಸುಳ್ಳು ಹೇಳಬಾರದೆಂದು ಕೆಸರು ತುಳಿದು ಆರು ಊರು ತಿರುಗಿದ ಮನುಷ್ಯ, ನಾನು ಕಂಡಂತೆ ಆಡಿದ್ದು ಒಂದೇ ಸುಳ್ಳು. ಅದು ಸುಳ್ಳೆಂದು ತಿಳಿದೇ ಆಡಿದ್ದರು. ಅದೂ ನನ್ನ ಬಾಯಿಂದ ತೆಗೆದುಕೊಂಡ ಸುಳ್ಳು, ಕಚೇರಿಯವರ ಮುಂದೆ, ಕೆಲಸ ಹೋಗುತ್ತದೆಂದು ಗೊತ್ತಿದ್ದೂ. ಆಮೇಲೆ ನಾಲ್ಕು ವರ್ಷ ದಿನವೂ ನಾನು ಅವರ ಎದುರು ಕೂತಿದ್ದೆ. ಅವರು ಕಾಯುತ್ತಿದ್ದರೋ, ಮರೆತುಬಿಟ್ಟಿದ್ದರೋ ನನಗೆ ಗೊತ್ತಿಲ್ಲ. ನಾನು ಹೇಳಲಿಲ್ಲ.